ಮೋಟಾರು ದೋಣಿಯ ಚಕ್ರ

ಹಲಗೂರಿನ ಆಚೆ, ಕೆರೆ ಏರಿಯ ಮೇಲೆ ನಮ್ಮ ಬಸ್ಸು ಕೆಟ್ಟು ನಿಂತಿತು. ಇಳಿದು ದಡಕ್ಕೆ ಹೋಗಿ ನೋಡಿದರೆ, ಟ್ರೇಲರಿನಲ್ಲಿ ಹೊಸ ಮೋಟಾರು ದೋಣಿ. ಮನೆಯವರನ್ನು ಕೆರೆ ಸುತ್ತಿಸಲು ಆ ಊರಿನ ಚನ್ನೇಗೌಡರು ಕೊಂಡದ್ದಂತೆ. ಪೂಜೆ ಮುಗಿಸಿದ ಅರ್ಚಕರು ಟ್ರೇಲರಿನ ಚಕ್ರಗಳಡಿ ನಿಂಬೆಹಣ್ಣಿಟ್ಟು ಅಪ್ಪಚ್ಚಿ ಮಾಡಿಸಿದರು. ದೋಣಿ ನೀರಿಗಿಳಿಯಿತು.

ಕಾಲೇಜಿನ ಚರ್ಚಾಸ್ಪರ್ಧೆಯ ಚಟ ನನ್ನನ್ನು ಸುಮ್ಮನಿರಗೊಡಲಿಲ್ಲ. "ಸ್ವಾಮಿ, ನೀವು ದೃಷ್ಟಿ ತೆಗೆದದ್ದು ಟ್ರೇಲರಿಗೆ. ದೋಣಿಗೇನು ಮಾಡಿದಿರಿ?"

ಗೌಡರ ಹೆಂಡತಿ ಜಯಮ್ಮ ದೋಣಿ ಹತ್ತಲು ಎತ್ತಿದ್ದ ಕಾಲನ್ನು ಇಳಿಸಿಬಿಟ್ಟರು. "ಆ ಉಡ್ಗ ಕೇಳದು ಸರಿಯಾಗೈತೆ. ನಾನ್ ಕೂರಾಕಿಲ್ಲ."

"ದಾರೀಲಿ ಓಗೋನಿಗೆ ಯಾಕ್ಲಾ ಬೇಕಿತ್ತು ಇದು? ರಾವುಕಾಲ ಬತ್ತಾ ಐತೆ!" ಗೌಡರು ನನ್ನ ಮೇಲೆ ರೇಗಿದರು.

ನಿಂಬೆಹಣ್ಣಿಗೂ ತೇಲುವುದಕ್ಕೂ ಸಂಬಂಧವೇ ಇಲ್ಲ ಎಂಬ ನನ್ನ ಎರಡನೆಯ ವಾದವನ್ನು ಯಾರೂ ಕೇಳಲಿಲ್ಲ. ಅರ್ಚಕರು ಪಂಚೆ ಎತ್ತಿಕಟ್ಟಿ ನೀರಿಗಿಳಿದು, ದೋಣಿಯ ಹಿಂದೆ ಮೇಲೆತ್ತಿದ್ದ ಮೋಟಾರಿನ ಫ್ಯಾನಿಗೆ ಒಂದು ನಿಂಬೆಹಣ್ಣು ಚುಚ್ಚಿದರು. "ತಿರುಗೋದೆಲ್ಲ ಚಕ್ರವೇ. ಸ್ಟಾರ್ಟ್ ಮಾಡಿ ಗೌಡ್ರೆ."

ಗೌಡರು ಫ್ಯಾನನ್ನು ನೀರಿಗಿಳಿಸಿ ಸ್ಟಾರ್ಟ್ ಮಾಡಿದೊಡನೆ ಮೋಟಾರು ಅಬ್ಬರಿಸಿತು. ಹಣ್ಣು ಚೂರಾಗಿ, ಕೆಸರು ನೀರಿನೊಂದಿಗೆ ಸಿಡಿದು, ದೋಣಿಯ ಹಿಂದೆ ದಡದಲ್ಲಿ ನಿಂತಿದ್ದ ನನ್ನ ಮುಖಕ್ಕೆ ನೆಟ್ಟಗೆ ಬಡಿಯಿತು. ಉರಿಯುತ್ತಿದ್ದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತಿದ್ದಾಗ ಜಯಮ್ಮನವರ ಸಮಾಧಾನದ ದನಿ ಕೇಳಿಸಿತು: "ಸದ್ಯ, ಇದ್ದಬದ್ದ ದೃಷ್ಟಿಯೆಲ್ಲ ಆ ಉಡ್ಗುಂಗೇ ಓಯ್ತು ಬುಡಿ. ಈಗ ಓಗಾನ ನಡೀರಿ."