ಹೆಡ್ಲಿ ಗಾರ್ಬಟ್‌ನ ಎಡಗಾಲು

ಇಂಗ್ಲೆಂಡಿನ ಪಿಕರಿಂಗ್ ಊರು ದಾಟಿ, ಕುರಿ ಮೇಯುವ ಬೋರೆ ಶುರುವಾಗುವ ಕಡೆ ತಗಡಿನ ಚಹಾ ಅಂಗಡಿಯೊಂದಿದೆ. ಭಾನುವಾರ ಬೆಳಿಗ್ಗೆ ಹಳೇ ಬೈಕಿನವರ ಕ್ಲಬ್ಬು ಸೇರುವುದು ಅಲ್ಲೇ. ಎಲ್ಲರೂ ರಸ್ತೆಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂರಬೇಕು, ಬರುತ್ತಿರುವ ಗಾಡಿ ಯಾವುದೆಂದು ಸದ್ದಿನಿಂದಲೇ ಹೇಳಬೇಕು, ತಪ್ಪಿದವನು ಎಲ್ಲರಿಗೂ ಬೇಕನ್ ಸ್ಯಾಂಡ್‌ವಿಚ್ ಕೊಡಿಸಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಹೆಡ್ಲಿ ಗಾರ್ಬಟ್ ಒಂದೇ ಒಂದು ಸ್ಯಾಂಡ್‌ವಿಚ್ಚನ್ನೂ ಕೊಡಿಸಿದವನಲ್ಲ.

"ಟ್ರಯಂಫು," ಎನ್ನುತ್ತಿದ್ದ, ಗಾಡಿ ಇನ್ನೂ ಎರಡು ಗುಡ್ಡದ ಆಚೆ ಇರುವಾಗಲೇ. "ಅರವತ್ತೊಂದನೇ ಇಸವೀದು. ಎಡಗಡೆ ಸೈಲೆನ್ಸರ್ ಆಮೇಲೆ ಹಾಕಿಸಿದ್ದು. ಓಡಿಸ್ತಿರೋನು ಹೆಂಡತಿ ಹತ್ರ ಜಗಳ ಆಡ್ಕೊಂಡು ಬಂದಿದಾನೆ."

ಗಾಡಿ ಬಂದು ನಿಂತ ಮೇಲೆ ನೋಡಿದರೆ ಇಸವಿಯೂ ಸರಿ, ಸೈಲೆನ್ಸರೂ ಸರಿ. ಮೂರನೆಯದನ್ನು ವಿಚಾರಿಸುವ ಅಗತ್ಯ ಇರಲಿಲ್ಲ; ಬಂದವನ ಮುಖದ ಮೇಲೆಯೇ ಬರೆದಿರುತ್ತಿತ್ತು.

ಮೂವತ್ತೆಂಟು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು ಹೆಡ್ಲಿ. ಈಗ ಎಪ್ಪತ್ತೆರಡು ವಯಸ್ಸು. ಕ್ಲಬ್ಬಿನಲ್ಲಿ ಎಲ್ಲರಿಗಿಂತ ದೊಡ್ಡ ಬುರುಡೆ ಬಿಡುವವನೂ ಅವನೇ. ಮದುವೆಯಾಗಿರಲಿಲ್ಲ; ಶೆಡ್ಡಿನಲ್ಲಿದ್ದ ಏಳು ಬೈಕುಗಳು ಮನೆಯೊಳಕ್ಕೂ ನುಗ್ಗಿ, ಇನ್ನೊಬ್ಬ ಮನುಷ್ಯನಿಗೆ ಕಾಲಿಡಲು ಜಾಗ ಬಿಟ್ಟಿರಲಿಲ್ಲ. ಅಡಿಗೆಮನೆಯ ಒಲೆಯಲ್ಲಿ ಒಂದು ಕಡೆ ಮಾಂಸ ಬೇಯುತ್ತಿದ್ದರೆ ಪಕ್ಕದಲ್ಲೇ ಚೈನು ಗ್ರೀಸಿನಲ್ಲಿ ಕುದಿಯುತ್ತಿತ್ತು. ಎರಡರಲ್ಲಿ ಯಾವುದಕ್ಕೆ ರುಚಿ ಹೆಚ್ಚು ಎಂದು ಅಲ್ಲಿ ಊಟ ಮಾಡಿದವರು ಇಂದಿಗೂ ವಾದಿಸುತ್ತಾರೆ.

ಇಂಥ ಹೆಡ್ಲಿಗೆ ಗುರುತು ಸಿಗದೇ ಉಳಿದದ್ದು ಒಂದೇ ಒಂದು. ಗೆಳೆಯ ಸಿರಿಲ್ ಡೌಸನ್‌ನ, ಮಳೆ ತಡೆಯಲು ಮೇಣ ಸವರಿದ ಕೋಟು. ಅದರ ಎಡ ಭುಜದ ಮೇಲಿನ ಮೇಣವೆಲ್ಲ ಸವೆದು, ಬಟ್ಟೆ ಬಿಳಿಚಿ, ನೂಲು ಕಿತ್ತು ಬಂದಿತ್ತು. ಬಲ ಭುಜ ಹೊಸದರಂತೆ ಹೊಳೆಯುತ್ತಿತ್ತು. ಕೇಳಿದರೆ ಸಿರಿಲ್, "ಅದಾ? ಗೇರ್‌ಬಾಕ್ಸ್ ಹೊತ್ಕೊಂಡು ಹಿಮದಲ್ಲಿ ಹನ್ನೊಂದು ಮೈಲಿ ನಡೆದಿದ್ದೆ ಕಣಯ್ಯ," ಎನ್ನುತ್ತಿದ್ದ. ಎಲ್ಲರೂ ನಂಬಿದ್ದರು. ಫೆಬ್ರವರಿಯಲ್ಲಿ ಸಿರಿಲ್ ತೀರಿಕೊಂಡ. ಅವನ ಶವಪೆಟ್ಟಿಗೆಯ ಹಿಂದೆ ನಲವತ್ತು ಬೈಕುಗಳು ಸಾಲಾಗಿ ಹೋದವು. ಹೆಡ್ಲಿ ಮಾತ್ರ ನಡೆದು ಹೋದ. ದುಃಖಕ್ಕೆ ಎಂದು ಎಲ್ಲರೂ ಅಂದುಕೊಂಡರು.

ದುಃಖಕ್ಕಲ್ಲ, ಭಯಕ್ಕೆ.

ಹಳೇ ಇಂಗ್ಲಿಷ್ ಗಾಡಿಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆಮೇಲೆ ಬಂದ ಜಪಾನಿನ ಗಾಡಿಗಳಲ್ಲಿ ಅದು ಅದಲುಬದಲು. ಹೆಡ್ಲಿಯ ಏಳರಲ್ಲಿ ಐದು ಇಂಗ್ಲಿಷಿನವು, ಎರಡು ಜಪಾನಿನವು. ಇಷ್ಟು ವರ್ಷ ಸೀಟಿನ ಮೇಲೆ ಕೂತೊಡನೆ ಕಾಲುಗಳಿಗೆ ತಾವೇ ಗೊತ್ತಾಗುತ್ತಿತ್ತು, ಯಾವ ದೇಶದಲ್ಲಿದ್ದೇವೆ ಎಂದು. ಹಿಂದಿನ ವರ್ಷ ಆಗಸ್ಟಿನಲ್ಲಿ ಒಂದು ವಾರವಿಡೀ ಜಪಾನಿನದನ್ನು ಓಡಿಸಿ, ಸೋಮವಾರ ಬೆಳಿಗ್ಗೆ ಇಂಗ್ಲಿಷಿನ ನಾರ್ಟನ್ ಏರಿ ಹೊರಟ. ಇಳಿಜಾರಿನ ಕೊನೆಯ ಕೂಡುರಸ್ತೆಯಲ್ಲಿ ಹಾಲಿನ ಟ್ಯಾಂಕರ್ ಅಡ್ಡ ಬಂತು. ಹೆಡ್ಲಿ ಇದ್ದ ಬಲವನ್ನೆಲ್ಲ ಹಾಕಿ ಬ್ರೇಕು ಒತ್ತಿದ, ಬಲಗಾಲಿನಲ್ಲಿ. ನಾರ್ಟನ್ ವಿಧೇಯತೆಯಿಂದ ಮೇಲಿನ ಗೇರಿಗೆ ಹೋಯಿತು. ಇನ್ನೊಮ್ಮೆ ಒತ್ತಿದ, ಇನ್ನೂ ಮೇಲಿನ ಗೇರು. ಕೈಬ್ರೇಕು ಹಿಂಡಿದ; ಆ ಕಾಲದ ಮುಂಬ್ರೇಕು ಗಾಡಿಯನ್ನು ನಿಲ್ಲಿಸುವುದಿಲ್ಲ, ನಿಂತರೆ ಚೆನ್ನಾಗಿರುತ್ತಿತ್ತು ಎಂದು ಸೂಚಿಸುತ್ತದೆ, ಅಷ್ಟೇ. ಎಡಗಾಲು ಊಟವಾದ ಮಾವನಂತೆ ಆರಾಮಾಗಿ ಕೂತಿತ್ತು. ಟ್ಯಾಂಕರಿನ ಹಿಂದಿನ ಗಾಲಿ ಅವನ ಮೂಗಿನ ಕೂದಲು ಸವರಿಕೊಂಡು ಹೋಯಿತು. ನಾರ್ಟನ್ ಬೇಲಿಯೊಳಗೆ, ಹೆಡ್ಲಿ ಕೋಸಿನ ಹೊಲದಲ್ಲಿ.

ಪೆಟ್ಟಾಗಿರಲಿಲ್ಲ, ಯಾರೂ ನೋಡಿರಲೂ ಇಲ್ಲ. ಆದರೆ ಅಂದಿನಿಂದ ಅವನು ತನ್ನ ಕಾಲುಗಳಿಗೇ ಹೆದರುತ್ತಿದ್ದ. ಮೆಟ್ಟಿಲು ಇಳಿಯುವಾಗ ಕೆಳಗೆ ನೋಡುತ್ತಿದ್ದ, ಎರಡೂ ಬರುತ್ತಿವೆಯೋ ಎಂದು. ಭಾನುವಾರ ಬೈಕನ್ನು ವ್ಯಾನಿನಲ್ಲಿ ತಂದು, ಪ್ರಾರ್ಥನಾಮಂದಿರದ ಹಿಂದೆ ಇಳಿಸಿ, ಕೊನೆಯ ಇನ್ನೂರು ಗಜ ಮಾತ್ರ ಓಡಿಸಿಕೊಂಡು ಚಹಾ ಅಂಗಡಿಗೆ ಬರುತ್ತಿದ್ದ. ಬಂದು, ಮೂವತ್ತು ಮೈಲಿ ಗಾಳಿ ತಿಂದವನಂತೆ ಕೈ ಉಜ್ಜಿಕೊಳ್ಳುತ್ತಿದ್ದ.

ಜೂನ್ ಮೊದಲ ಭಾನುವಾರ ಸಿರಿಲ್‌ನ ಹೆಂಡತಿ ಎನಿಡ್ ಚಹಾ ಅಂಗಡಿಗೆ ಬಂದಳು. ಎಪ್ಪತ್ನಾಲ್ಕರ, ಕಡ್ಡಿಯಂಥ ಹೆಂಗಸು.

"ಸಿರಿಲ್‌ದು ಗೋಲ್ಡನ್ ಫ್ಲಾಷ್ ಬೈಕು ಮಾರಿಬಿಟ್ಟೆ," ಎಂದಳು. "ಹಾಲೆಂಡಿನೋನು ನಾಳೆ ಬಿಟ್ಟು ಮುಂದಿನ ಸೋಮವಾರ ತಗೊಂಡೋಗ್ತಾನೆ. ಅದಕ್ಕೆ ಮೊದಲು, ಬರೋ ಭಾನುವಾರ ಕ್ಲಬ್ಬು ಹೊರಟಾಗ, ಒಂದ್ಸಲ ಗ್ಯಾರೋ ದಿಬ್ಬ ಇಳೀಬೇಕು, ಹಿಂದಿನ ಸೀಟಲ್ಲಿ ಕೂತು. ನಲವತ್ತು ವರ್ಷ ಕ್ಲಬ್ಬಿನ ಸವಾರೀಲಿ ಇಳಿದಿದೀನಿ. ಹೆಡ್ಲಿ, ನೀನು ಕರ್ಕೊಂಡೋಗ್ತೀಯ?"

ಬೆಂಚಿನ ಮೇಲಿದ್ದ ಹನ್ನೆರಡು ಜನ ಹೆಡ್ಲಿಯ ಕಡೆ ತಿರುಗಿದರು.

"ಟೆರ್ರಿನ ಕೇಳು ಎನಿಡ್. ಅವನು ನನಗಿಂತ ಹಗುರ," ಎಂದ ಹೆಡ್ಲಿ.

ಬೆಂಚಿನ ತುದಿಯಲ್ಲಿದ್ದ ಟೆರ್ರಿ ಪ್ಲೂಸ್ ಚಹಾ ನೆತ್ತಿಗೇರಿಸಿಕೊಂಡ. "ನಾನಾ? ನಾನು ಪೈ ತರಬೇಡ್ವೇನಯ್ಯ? ನಾನು ಸುತ್ತು ರಸ್ತೇಲಿ ಬರೋನು, ಗೊತ್ತಲ್ಲ."

ಅದೂ ನಿಜವೇ. ಟೆರ್ರಿಯ ಹೆಂಡತಿ ಮ್ಯೂರಿಯಲ್ ಮಾಂಸದಂಗಡಿ ನಡೆಸುವವಳು. ಸವಾರಿಯ ದಿನ ಎಲ್ಲರಿಗೂ ಮಾಂಸ ತುಂಬಿದ ಪೈ ತರುವ ನೆಪದಲ್ಲಿ ಅವನು ಆರು ವರ್ಷದಿಂದ ದಿಬ್ಬ ಬಿಟ್ಟು ಸಪಾಟು ರಸ್ತೆಯಲ್ಲೇ ಬರುತ್ತಿದ್ದ.

"ಸಿರಿಲ್ ಯಾವಾಗ್ಲೂ ಹೇಳ್ತಿದ್ದ, ಫ್ಲಾಷ್ ಯಾರ ಕೈಗಾದ್ರೂ ಕೊಟ್ರೆ ಹೆಡ್ಲಿ ಕೈಗೆ ಮಾತ್ರ ಅಂತ," ಎಂದಳು ಎನಿಡ್.

ಹೆಡ್ಲಿಯ ಬಾಯಿ ಆಗಲಿ ಎಂದಿತು. ಆ ಬಾಯಿಯ ಮೇಲೆ ಅವನಿಗೆ ಹುಟ್ಟಿನಿಂದಲೂ ಹಿಡಿತವಿರಲಿಲ್ಲ.

ಆ ವಾರ ಅವನು ಊಟ ಮಾಡಿದ್ದು ಕಡಿಮೆ. ತಾನು ಹೊಲದಲ್ಲಿ ಬಿದ್ದರೆ ಕೋಸು ಹಾಳು, ಅಷ್ಟೇ. ಬೆನ್ನ ಹಿಂದೆ ಎನಿಡ್ ಇದ್ದರೆ? ಫ್ಲಾಷೂ ಇಂಗ್ಲಿಷಿನದೇ, ಬ್ರೇಕು ಎಡಗಾಲಿಗೆ. ಗ್ಯಾರೋ ದಿಬ್ಬದ ರಸ್ತೆ ಎಷ್ಟು ಕಡಿದೆಂದರೆ, ಅಲ್ಲಿನ ಕುರಿಗಳ ಮುಂಗಾಲು ಹಿಂಗಾಲಿಗಿಂತ ಉದ್ದ. ಕೆಳಗಿನ ತಿರುವಿನಲ್ಲಿ ಕಲ್ಲಿನ ಗೋಡೆ. ಕಣ್ಣು ಮುಚ್ಚಿದರೆ ಸಾಕು, ಆ ಗೋಡೆ ಎದ್ದು ನಿಲ್ಲುತ್ತಿತ್ತು. ಶೆಡ್ಡಿನಲ್ಲಿ ನಿಂತ ಗಾಡಿಯ ಮೇಲೆ ಕೂತು, "ಎಡ, ಎಡ, ಎಡ," ಎಂದು ಜಪಿಸಿದ. ಎಡ ಬೂಟಿನ ಮೇಲೆ ಸೀಮೆಸುಣ್ಣದಲ್ಲಿ ಗೀಟೆಳೆದ. ಕೊನೆಗೆ, ಯಾವ ಕಾಲೆಂದು ಮರೆಯದಿರಲಿ ಎಂದು ಎಡ ಬೂಟಿನೊಳಗೆ ಒಂದು ಒಣ ಬಟಾಣಿ ಹಾಕಿಕೊಂಡ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಮಳೆ ಬರಲಿ ಎಂದು ಬೇಡಿಕೊಂಡಿದ್ದ ಹೆಡ್ಲಿಗೆ ಆಕಾಶವೂ ಕೈಕೊಟ್ಟಿತ್ತು. ಎನಿಡ್ ಸಿರಿಲ್‌ನ ಕೋಟನ್ನೇ ತಂದಿದ್ದಳು. "ಹಾಕ್ಕೋ. ನಿನಗೆ ಸರಿಯಾಗತ್ತೆ." ಸರಿಯಾಗಲಿಲ್ಲ, ಹೊಟ್ಟೆಯ ಹತ್ತಿರ ಒಂದು ಗೇಣು ಕಡಿಮೆ ಬಿತ್ತು. ಆದರೂ ಹಾಕಿಕೊಂಡ.

ದಿಬ್ಬದ ತಲೆಯವರೆಗಿನ ಹದಿನೆಂಟು ಮೈಲಿಯನ್ನು ಹೆಡ್ಲಿ ಶವಯಾತ್ರೆಯ ವೇಗದಲ್ಲಿ ದಾಟಿದ. ಒಬ್ಬ ಹೆಂಗಸು ನಾಯಿಯನ್ನು ನಡೆಸಿಕೊಂಡು ಅವನನ್ನು ಹಿಂದೆ ಹಾಕಿ ಹೋದಳು. ಪ್ರತಿ ಕೂಡುರಸ್ತೆಯಲ್ಲೂ ಬೂಟಿನ ಮೇಲಿನ ಗೀಟು ನೋಡಿಕೊಂಡ. ಬಟಾಣಿ ಹಿಮ್ಮಡಿಯ ಕೆಳಗೆ ಸೇರಿ ಎಡಗಾಲನ್ನೇ ಜೋಮು ಹಿಡಿಸಿತು. ಈಗ ಅದು ಇದೆಯೋ ಇಲ್ಲವೋ ಎಂಬುದೇ ಅನುಮಾನ. ದಿಬ್ಬದ ತಲೆಯಲ್ಲಿ ಕಾಯುತ್ತಿದ್ದ ಉಳಿದವರು ಒಬ್ಬೊಬ್ಬರಾಗಿ ಅಂಚಿನಾಚೆ ಮುಳುಗಿ ಮಾಯವಾದರು. ಹೆಡ್ಲಿ ಕಾಲೂರಿ ನಿಂತ. ಎಂಜಿನ್ ಆರಿಸಿದ.

"ಏನಾಯ್ತೋ? ಗಾಡಿ ಕೆಡ್ತಾ?" ಎಂದಳು ಎನಿಡ್.

"ಗಾಡಿ ಸರಿಯಾಗಿದೆ. ನಾನೇ ಸರಿ ಇಲ್ಲ." ಹೆಡ್ಲಿ ಹ್ಯಾಂಡಲ್ ಬಿಡಲಿಲ್ಲ. "ಎನಿಡ್, ನನಗೆ ಭಯ ಆಗ್ತಿದೆ ಕಣೇ."

ಹಿಂದಿರುಗಿ ನೋಡದೆ, ಸ್ಪೀಡೋಮೀಟರಿಗೆ ಹೇಳುವವನಂತೆ ಎಲ್ಲ ಹೇಳಿದ. ಟ್ಯಾಂಕರು, ಕೋಸು, ವ್ಯಾನು. ಬಟಾಣಿಯನ್ನೂ ಬಿಡಲಿಲ್ಲ.

ಎನಿಡ್, "ಎಷ್ಟು ಬಟಾಣಿ?" ಎಂದಳು.

"ಒಂದೇ."

"ಸಿರಿಲ್ ಮೂರು ಹಾಕ್ಕೋತಿದ್ದ. ಪ್ರಯೋಜನ ಇಲ್ಲ ಅದರಿಂದ. ಆಣಿ ಏಳತ್ತೆ ಅಷ್ಟೇ."

ಹೆಡ್ಲಿ ಈಗ ತಿರುಗಿದ.

"ಅವನಿಗೂ ಇದೇ ರೋಗ ಕಣೋ. ಜಪಾನಿ ಗಾಡಿ ತಂದ ವರ್ಷದಿಂದ. ಹಾಲಿನ ಕ್ಯಾನ್ ಇಟ್ಟಿದ್ದ ಕಟ್ಟೆಗೆ ನುಗ್ಗಿಸಿದ್ದ ನನ್ನ. ನೀನು ಹಾಕ್ಕೊಂಡಿದೀಯಲ್ಲ ಕೋಟು, ಅದು ಯಾಕೆ ಸವೆದಿದೆ ಅನ್ಕೊಂಡೆ?"

"ಗೇರ್‌ಬಾಕ್ಸ್ ಹೊತ್ಕೊಂಡು ಹನ್ನೊಂದು ಮೈಲಿ..."

"ಗೇರ್‌ಬಾಕ್ಸಂತೆ! ಅಂಗಡಿಯಿಂದ ಆಲೂಗಡ್ಡೆ ಹೊತ್ಕೊಂಡು ಬಂದ ಮನುಷ್ಯನಲ್ಲ ಅವನು. ಬ್ರೇಕ್ ಬೇಕಾದಾಗೆಲ್ಲ ನಾನು ಹಿಂದಿನಿಂದ ಎಡ ಭುಜಕ್ಕೆ ಗುದ್ದುತಿದ್ದೆ. ಗುದ್ದು ಬಿದ್ದ ಕಡೆ ಕಾಲು ತಾನಾಗಿ ಒತ್ತುತಿತ್ತು. ಮೂವತ್ತೊಂದು ವರ್ಷ ಗುದ್ದಿದೀನಿ. ಯಾರಿಗೂ ಹೇಳಬೇಡ ಅಂತ ಬೈಬಲ್ ಮುಟ್ಟಿಸಿದ್ದ, ನಿನಗಂತೂ ಹೇಳಲೇಬೇಡ ಅಂತ. ಹೆಡ್ಲಿಗೆ ಗೊತ್ತಾದ್ರೆ ಮುಖ ಎತ್ತಿ ತಿರುಗೋಕಾಗಲ್ಲ ಅಂತಿದ್ದ."

ಹೆಡ್ಲಿಗೆ ನಗು ಬರಬೇಕಿತ್ತು. ಭಯ ಜಾಗ ಬಿಡಲಿಲ್ಲ.

"ನಡ್ಕೊಂಡೇ ಇಳಿಯೋಣ ಎನಿಡ್."

"ನನ್ನ ಮಂಡಿಗೂ ಬ್ರೇಕಿಲ್ಲ. ಕಿಕ್ ಹೊಡಿ."

ಅಂಚು ದಾಟಿದೊಡನೆ ರಸ್ತೆ ಕಾಲ ಕೆಳಗಿನಿಂದ ಜಾರಿತು. ಗುದ್ದು ಬಿತ್ತು. ಎಡಗಾಲು ಒತ್ತಿತು. ಬ್ರೇಕು ಕಿರ್ರೆಂದಿತು. ಆ ಕಿರುಚು ಹೆಡ್ಲಿಗೆ ನೂರು ಗಾಡಿಗಳ ನಡುವೆಯೂ ಗೊತ್ತಾಗುತ್ತಿತ್ತು. ಅದರ ಹಿಂದೆ ಒಂದು ಗುದ್ದು ಇದೆಯೆಂದು ಮಾತ್ರ ಇಷ್ಟು ವರ್ಷ ಕೇಳಿಸಿರಲಿಲ್ಲ. ಮತ್ತೆ ಗುದ್ದು, ಮತ್ತೆ ಕಿರುಚು. ಬೆನ್ನಿನಲ್ಲಿ ಬೆವರು ಹಳ್ಳವಾಗಿ ಹರಿದು ಬೂಟು ಸೇರಿ ಬಟಾಣಿಯನ್ನು ನೆನೆಸಿತು. ಅರ್ಧ ಇಳಿದಿದ್ದರು, ಕುರಿಮರಿಯೊಂದು ಬೇಲಿ ತೂರಿ ರಸ್ತೆಯ ನಡುವೆ ನಿಂತಿತು. ಅದರ ಹಿಂದೆ, ಕೆಳಗೆ, ಆ ಗೋಡೆ.

ಬಲಗಾಲು ಎದ್ದಿತು. ಅದು ಏಳುವುದನ್ನು ಹೆಡ್ಲಿ ಬೇರೆ ಯಾರದೋ ಕಾಲಿನಂತೆ ನೋಡಿದ. ಫ್ಲಾಷಿನ ಗೇರು ನಾರ್ಟನ್ನಿನದಕ್ಕೆ ತಿರುಗುಮುರುಗು; ಒತ್ತಿದರೆ ಮೊದಲನೇ ಗೇರಿಗೆ ಬಿದ್ದು, ಹಿಂದಿನ ಗಾಲಿ ಕಚ್ಚಿಕೊಂಡು, ಎನಿಡ್ ಗೋಡೆಯ ಮೇಲೆ. ಗೊತ್ತಿತ್ತು. ಗೊತ್ತಿದ್ದೂ ಕಾಲು ಇಳಿಯತೊಡಗಿತು.

"ಎಡಕ್ಕೋ, ಕತ್ತೆ!"

ಆ ಗುದ್ದು ಬಿದ್ದದ್ದು ಭುಜಕ್ಕೋ ನೇರ ಎದೆಗೂಡಿಗೋ ಅವನಿಗೆ ತಿಳಿಯಲಿಲ್ಲ. ಎಡಗಾಲು ಪೆಡಲನ್ನು ನೆಲಕ್ಕೆ ಹೂತುಬಿಡುವಂತೆ ತುಳಿಯಿತು. ಫ್ಲಾಷ್ ಬಾಲ ಅಲ್ಲಾಡಿಸಿ, ಕಿರುಚಿ, ನಿಂತಿತು. ಕುರಿಮರಿ ಮುಂದಿನ ಗಾಲಿಯನ್ನು ಮೂಸಿ, ಇಷ್ಟವಾಗದೆ ಹೊರಟುಹೋಯಿತು.

ದಿಬ್ಬದ ಬುಡದಲ್ಲಿ ಎನಿಡ್ ಅವನ ಬೆರಳುಗಳನ್ನು ಹ್ಯಾಂಡಲಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಬಿಡಿಸಿದ ಮೇಲೆ ತಾನೂ ಟ್ಯಾಂಕಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಳು.

ಊರ ಸಭಾಂಗಣದಲ್ಲಿ ಕ್ಲಬ್ಬಿನವರು ಪೈ ತಿನ್ನುತ್ತಿದ್ದರು. "ಬಂದ ನೋಡು ಗ್ಯಾರೋ ದಿಬ್ಬದ ರಾಜ!" ಎಂದು ಯಾರೋ ಕೂಗಿದರು. ಹೆಡ್ಲಿ ಚಹಾದ ಮಗ್ಗು ಹಿಡಿದುಕೊಂಡ. ಅರ್ಧ ಚಹಾ ಚೆಲ್ಲಿತು. ಉಳಿದರ್ಧ ಕುಡಿದು, ನಿಂತಲ್ಲೇ ಮೊದಲಿನಿಂದ ಕೊನೆಯವರೆಗೆ ಇದ್ದದ್ದು ಇದ್ದ ಹಾಗೆ ಹೇಳಿದ, ಒಂದು ಕೂದಲೆಳೆಯನ್ನೂ ಕೂಡಿಸದೆ. ಸಿರಿಲ್‌ನ ಹೆಸರು ಬಂದಾಗ ಎನಿಡ್ ಹೇಳು ಎಂಬಂತೆ ತಲೆಯಾಡಿಸಿದಳು.

ಎಲ್ಲರೂ ಸಭಾಂಗಣದ ಹೆಂಚು ಹಾರುವಂತೆ ನಕ್ಕರು. "ಬೂಟಲ್ಲಿ ಬಟಾಣಿಯಂತೆ!" "ಹಿಂದಿನ ಸೀಟಿಂದ ಬ್ರೇಕಂತೆ!" ಜೀವಮಾನದಲ್ಲಿ ಮೊದಲ ಬಾರಿ ನಿಜ ಹೇಳಿದ್ದ ಹೆಡ್ಲಿಗೆ, ಅವನ ಕತೆಗಳಲ್ಲೇ ಇದು ದೊಡ್ಡ ಸುಳ್ಳು ಎಂದು ಇನ್ನೊಂದು ಪೈ ಬಹುಮಾನ ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವನು ಟೆರ್ರಿ.

ಹೆಡ್ಲಿ ಹೊರಗೆ ಬಂದು ಗೋಡೆಯ ಮೇಲೆ ಕೂತು, ಬೂಟು ಬಿಚ್ಚಿ, ಬಟಾಣಿ ಹುಡುಕುತ್ತಿದ್ದ. ಟೆರ್ರಿ ಬಂದು ಪಕ್ಕದಲ್ಲಿ ನಿಂತು ಆಕಾಶ ನೋಡಿದ.

"ಮಳೆ ಬರೋ ಹಾಗಿಲ್ಲ," ಎಂದ.

"ಇಲ್ಲ."

"ಹೆಡ್ಲಿ." ಟೆರ್ರಿ ಸುತ್ತ ಒಮ್ಮೆ ನೋಡಿಕೊಂಡ. "ಎಡ ಭುಜ ಅಂದ್ಯಲ್ಲ. ಮೆತ್ತಗೆ ಗುದ್ದಬೇಕಾ, ಜೋರಾಗಾ?"

ಹೆಡ್ಲಿ ತಲೆಯೆತ್ತಿ ಅವನನ್ನೇ ನೋಡಿದ. "ಮೆತ್ತಗೆ ಗುದ್ದಿದ್ರೆ ಕಾಲಿನವರೆಗೂ ಇಳಿಯಲ್ಲ ಮಾರಾಯ."

ಟೆರ್ರಿ ಕಿಟಕಿಯೊಳಗೆ ಇಣುಕಿದ. ಒಳಗೆ ಮ್ಯೂರಿಯಲ್ ಅಂಗಿಯ ತೋಳು ಮಡಚಿಕೊಂಡು ಪೈ ಕತ್ತರಿಸುತ್ತಿದ್ದಳು. ನಲವತ್ತು ವರ್ಷ ಹಂದಿಯ ಮೂಳೆ ಒಡೆದ ಕೈ; ಪೈ ಜೊತೆಗೆ ಕೆಳಗಿನ ಮೇಜೂ ಎರಡಾಗುವಂತಿತ್ತು. ಅದನ್ನು ನೋಡುತ್ತಾ ಟೆರ್ರಿ ತನ್ನ ಎಡ ಭುಜವನ್ನು ಮೆಲ್ಲಗೆ ಸವರಿಕೊಂಡ.