ಪಾವತಿ ಹಿಡಿದು ನೀರು ಕೇಳಿದ್ದು

ಹಬ್ಬವಲ್ಲ, ಮದುವೆಯಲ್ಲ, ಏಪ್ರಿಲ್‌ನ ಒಂದು ಬೆಳಿಗ್ಗೆ ನಮ್ಮ ಓಣಿಯ ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು ನನ್ನ ಬಾಗಿಲಲ್ಲಿ ನಿಂತಿದ್ದರು. ಎಲ್ಲಿಗೆಂದು ಕೇಳಿದರೆ, ತೆರಿಗೆ ಕಟ್ಟಲಿಕ್ಕೆ! ಮಂಡ್ಯದಲ್ಲಿ ಹುಟ್ಟಿ ಬೆಳೆದ ನಾನು ಇಂಥ ದಿಬ್ಬಣ ಕಂಡವಳಲ್ಲ.

“ಪಟ್ಟಿ ತುಂಬಾಕ ಹೊಂಟೇವಿ, ನೀವೂ ಬರ್ರಿ,” ಎಂದರು ಎದುರು ಮನೆಯ ಜೈನಬ್ಬಿ. ಪಟ್ಟಿ ಎಂದರೆ ನಮ್ಮ ಕಡೆಯ ಮನೆ ಕಂದಾಯ, ತುಂಬುವುದೆಂದರೆ ಕಟ್ಟುವುದು. ರಸೀದಿಗೆ ಇಲ್ಲಿ ಪಾವತಿ ಎನ್ನುತ್ತಾರೆ.

ಗಂಡನಿಗೆ ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಬೆಳಗಾವಿ ಹತ್ತಿರ ಪೀರನವಾಡಿಯಾಚೆಯ ಒಂದು ಹೊಸ ಬಡಾವಣೆಯಲ್ಲಿ ಬಾಡಿಗೆ ಹಿಡಿದು ಆಗ ಆರು ತಿಂಗಳು. ಮುದ್ದೆ ಕಟ್ಟುತ್ತಿದ್ದ ಕೈಗೆ ರೊಟ್ಟಿ ಬಡಿಯುವುದು ಬಂದಿತ್ತು. ತರಕಾರಿಯವಳ ಹತ್ತಿರ ಮರಾಠಿಯಲ್ಲೇ ಚೌಕಾಸಿ ಮಾಡುತ್ತಿದ್ದೆ. ಸಂಕಟ ಒಂದೇ. ಮಗಳು ಚುಕ್ಕಿ ಓದುವ ಸರ್ಕಾರಿ ಶಾಲೆಯ ನಲ್ಲಿ ಒಣಗಿತ್ತು, ಶೌಚಾಲಯಕ್ಕೆ ಬೀಗ ಬಿದ್ದಿತ್ತು. ಎಲ್ಲಿ ಹೋಗಬೇಕಾದೀತೋ ಎಂದು ಮಗು ದಿನವಿಡೀ ನೀರೇ ಕುಡಿಯದೆ, ಬಾಟಲಿಯನ್ನು ತುಂಬಿದಂತೆಯೇ ವಾಪಸ್ಸು ತರುತ್ತಿತ್ತು. ಎರಡು ಸಲ ಉರಿಮೂತ್ರವಾಗಿ ಜ್ವರ ಬಂತು. ಜೂನ್ ಹೊತ್ತಿಗೆ ನೀರು ಬರದಿದ್ದರೆ ಅವಳನ್ನು ಮಂಡ್ಯದ ತವರಿನಲ್ಲಿ ಬಿಡುವುದೆಂದು ತೀರ್ಮಾನಿಸಿದ್ದೆವು. ನೆನೆದರೇ ನನಗೆ ಅಳು ಬರುತ್ತಿತ್ತು.

ಮನೆ ಮಾಲೀಕರು ಪುಣೆಯಲ್ಲಿರುತ್ತಾರೆ. ಪಟ್ಟಿ ನೀವೇ ತುಂಬಿ ಬಾಡಿಗೆಯಲ್ಲಿ ಮುರಿದುಕೊಳ್ಳಿ ಎಂದು ಫೋನಿನಲ್ಲಿ ಹೇಳಿದರು. ಎಲ್ಲರ ಜೊತೆ ಪಂಚಾಯಿತಿ ಕಚೇರಿಗೆ ಹೊರಟೆ.

ಊರಲ್ಲಿ ಅಪ್ಪ ಕಂದಾಯ ಕಟ್ಟಿ, ಪಂಚಾಯಿತಿಯನ್ನು ನಾಲ್ಕು ಮಾತು ಬೈದು, ರಸೀದಿಯನ್ನು ಟ್ರಂಕಿಗೆ ಹಾಕುತ್ತಿದ್ದರು. ಅಲ್ಲಿಗೆ ಮುಗಿಯಿತು. ಈ ಓಣಿಯವರದು ಬೇರೆಯೇ ಪದ್ಧತಿ. ಪಾವತಿ ಕೈಗೆ ಬಂದ ಮೇಲೆ ಒಬ್ಬೊಬ್ಬರೂ ಒಂದೇ ಒಂದು ಕೆಲಸ ಕೇಳಬೇಕು; ಅದನ್ನು ಪುಸ್ತಕದಲ್ಲಿ ಬರೆಯುವ ತನಕ ಯಾರೂ ಬೆಂಚು ಬಿಟ್ಟು ಏಳುವಂತಿಲ್ಲ. ಒಬ್ಬರು ಗಟಾರ ಕೇಳಿದರು, ಇನ್ನೊಬ್ಬರು ಬೀದಿದೀಪ. ನನ್ನ ಸರದಿ ಬಂದಾಗ, ಶಾಲೆಯ ನಲ್ಲಿಗೆ ನೀರು ಬೇಕು ಎಂದೆ.

“ನೀವು ಬಾಡಗಿ ಮಂದಿ. ಮಾಲಕರು ಬರಲಿ,” ಎಂದ ಕ್ಲಾರ್ಕ್.

ಜೈನಬ್ಬಿ ಬಿಟ್ಟಾರೆಯೇ? “ಪುಣೆದಾಗಿದ್ದ ಮಾಲಕ ಈ ಸಾಲಿ ನೀರು ಕುಡಿತಾನೇನ್ರಿ? ಕುಡಿಯೂದು ಈಕಿ ಮಗಳು. ಈಕಿ ಕೊಡೋ ಬಾಡಗ್ಯಾಗ ಪಟ್ಟೀನೂ ಐತಿ!”

ಕ್ಲಾರ್ಕ್ ಜಾರಿಕೊಳ್ಳಲು ನೋಡಿದ. “ಸಾಲಿ ಸರಕಾರದ್ದು ಬಿಡ್ರಿ.”

ಆಗ ನನಗೂ ಸಿಟ್ಟು ಬಂತು. “ಮೇಷ್ಟ್ರ ಸಂಬಳ ಸರ್ಕಾರದ್ದು ಸಾರ್, ಒಪ್ಕೋತೀನಿ. ನಲ್ಲಿಗೆ ನೀರು ಬಿಡೋರು ನೀವೇ ಅಲ್ವಾ? ಪೈಪು ಒಡೆದದ್ದೂ ನೀವು ರಸ್ತೆ ಅಗೆದಾಗ. ಬರ್ಕೊಳ್ಳಿ.”

ನನ್ನ ಮಂಡ್ಯದ ರಾಗಕ್ಕೆ ಬೆಂಚಿನವರೆಲ್ಲ ನಕ್ಕರು, ಆದರೆ ಯಾರೂ ಏಳಲಿಲ್ಲ. ಕ್ಲಾರ್ಕ್ ಬರೆದುಕೊಂಡ. ಅಲ್ಲಿಂದಾಚೆ ಎರಡು ಸೋಮವಾರ ಜೈನಬ್ಬಿಯೂ ನಾನೂ ಹೋಗಿ ಅದೇ ಬೆಂಚಿನ ಮೇಲೆ ಕೂತೆವು.

ಮೇ ತಿಂಗಳಲ್ಲಿ ಚುಕ್ಕಿಯನ್ನು ಕರೆದುಕೊಂಡು, ಅವಳ ಬಟ್ಟೆಯನ್ನೆಲ್ಲ ಕಟ್ಟಿಕೊಂಡು ಮಂಡ್ಯಕ್ಕೆ ಹೋದೆ. ನಮ್ಮ ಬೀದಿಯ ದೀಪ ಕೆಟ್ಟಿತ್ತು. “ಕಂದಾಯದ ರಸೀದಿ ಕೊಡಪ್ಪ, ನಾಳೆ ಹೋಗಿ ಕೇಳಿ ಬತ್ತೀನಿ,” ಎಂದೆ. ಅಪ್ಪ ನಕ್ಕರು. “ನಿಂಗ್ಯಾಕವ್ವಾ ಅದು? ನೀನೀಗ ಈ ಊರೋಳಲ್ಲ.” ತಮಾಷೆಗೇ ಅಂದದ್ದು, ಆದರೂ ಚುಚ್ಚಿತು. ಬೆಳಗಾವಿಯಲ್ಲಿ ಬಾಡಿಗೆಯವಳು, ತವರಿನಲ್ಲಿ ನೆಂಟಳು.

ಚುಕ್ಕಿಯ ಬಟ್ಟೆಗಳನ್ನು ತವರಿನ ಬೀರುವಿನಲ್ಲೇ ಬಿಟ್ಟು, ಅವಳನ್ನು ಕರೆದುಕೊಂಡು ಬೆಳಗಾವಿಗೆ ಮರಳಿದೆ. ಶಾಲೆ ಶುರುವಾದ ಮೊದಲ ದಿನ ನೋಡಿಯೇ ನಿರ್ಧರಿಸೋಣ ಎಂದುಕೊಂಡಿದ್ದೆ.

ಆ ಮೊದಲ ದಿನದ ಸಂಜೆ ಅವಳು ಶಾಲೆಯಿಂದ ಓಡುತ್ತ ಬಂದು ಬಾಟಲಿಯನ್ನು ತಲೆಕೆಳಗೆ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. “ಎರಡ್ ಸಲ ತುಂಬಿಸ್ಕೊಂಡು ಕುಡ್ದೆ ಅಮ್ಮಾ. ಅಲ್ಲಿ ಬೀಗಾನೂ ತೆಗ್ದವ್ರೆ!” ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಅಪ್ಪನಿಗೆ ಫೋನು ಮಾಡಿ, ಚುಕ್ಕಿಯ ಬಟ್ಟೆ ಕಳಿಸಿ ಎಂದೆ. ಅವರು ಕೆಮ್ಮಿ, “ಕಳಿಸ್ತೀನಿ. ನಮ್ ಬೀದಿ ಲೈಟ್ ಇನ್ನೂ ಬಂದಿಲ್ಲ ಕಣವ್ವಾ,” ಎಂದರು. “ರಸೀದಿ ಟ್ರಂಕಿಂದ ತೆಗೆದು ಮಡಗಿವ್ನಿ. ಯಾವಾಗ ಬತ್ತೀಯ?”