ಕರ್ತೃವಿಲ್ಲದ ತಪ್ಪು

ಚಳ್ಳಕೆರೆಯಲ್ಲಿದ್ದಾಗ ವಕೀಲ ಸ್ನೇಹಿತರೊಬ್ಬರು ದಪ್ಪನೆಯ ರಷ್ಯನ್ ಕಾದಂಬರಿಯೊಂದರ ಇಂಗ್ಲಿಷ್ ಪ್ರತಿಯನ್ನು ನನ್ನ ಕೈಗೆ ತುರುಕಿ, "ಓದ್ರಿ ಮೇಷ್ಟ್ರೇ, ಮನಸ್ಸಾಕ್ಷಿ ಅಂದ್ರೆ ಏನು ಅಂತ ತಿಳಿತೈತೆ" ಎಂದರು. ಓದಿದೆ. ತಾನು ಮಹಾ ಬುದ್ಧಿವಂತ ಎಂದು ನಂಬಿಕೊಂಡ ಯುವಕನೊಬ್ಬ ಯಾರಿಗೂ ಬೇಡದ ಮುದುಕಿಯೊಬ್ಬಳನ್ನು ಕೊಲ್ಲುತ್ತಾನೆ. ಆಮೇಲೆ ಅವನಿಗೆ ಜ್ವರ, ನಡುಕ, ಬಡಬಡಿಕೆ. ಕೊನೆಗೆ ತಾನಾಗಿಯೇ ಹೋಗಿ ಒಪ್ಪಿಕೊಳ್ಳುತ್ತಾನೆ. ಪುಸ್ತಕ ಹಿಂದಿರುಗಿಸಲು ಹೋದವನು ವಕೀಲರ ಮೇಲೆಯೇ ರೇಗಿಬಿಟ್ಟೆ. "ಜ್ವರವಂತೆ, ಜ್ವರ! ನಮ್ಮ ಮೊಳಕಾಲ್ಮೂರಿನವನಿಗೆ ಒಂದು ಸೀನು ಕೂಡ ಬರಲಿಲ್ಲ" ಎಂದು ಕೂಗಾಡಿದೆ. ಪಾಪ, ಅವರಿಗೆ ತಲೆಬುಡ ಗೊತ್ತಾಗಲಿಲ್ಲ. ಕಾಫಿ ತರಿಸಿದರು. ಅವತ್ತು ಅವರಿಗೆ ಹೇಳಲಾರದ್ದನ್ನು ಇಲ್ಲಿ ಹೇಳುತ್ತೇನೆ. ಹೇಳುವಾಗ ಸಿಟ್ಟು ಬಂದರೆ ಬರಲಿ, ಅದನ್ನು ಅಡಗಿಸಿಟ್ಟುಕೊಳ್ಳುವ ವಯಸ್ಸು ನನ್ನದಲ್ಲ.

ಮೊದಲ ಮಹಾಯುದ್ಧಕ್ಕೆ ಕೆಲವು ವರ್ಷ ಹಿಂದೆ ನಾನು ಮೊಳಕಾಲ್ಮೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ನೇಕಾರರ ಬೀದಿಯಲ್ಲಿ ಬಾಡಿಗೆ ಮನೆ. ಎದುರು ಮನೆಯಲ್ಲಿ ಒಬ್ಬ ವಿಧವೆ ಮುದುಕಿ, ಅವಳ ತಮ್ಮನ ಮಗ, ಇಬ್ಬರೇ. ಅಪ್ಪ ಅಮ್ಮ ಸತ್ತ ಆ ಹುಡುಗನನ್ನು ತಂದು ಸಾಕಿದವಳು ಅವಳೇ. ಮಂದಿಯ ಮಗ್ಗಗಳಿಗೆ, ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆ ಸುತ್ತಿಕೊಟ್ಟು, ರೇಷ್ಮೆ ಎಳೆ ಉಜ್ಜಿ ಉಜ್ಜಿ ಬೆರಳು ಸವೆಸಿಕೊಂಡು, ಅವನನ್ನು ಚಿತ್ರದುರ್ಗದ ಹೈಸ್ಕೂಲಿನವರೆಗೆ ಓದಿಸಿದ್ದಳು. ಆ ಬೀದಿಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಅವನಿಗೆ, ಅವನನ್ನು ಬಿಟ್ಟರೆ ನನಗೆ. ಹಾಗಾಗಿ ನನ್ನನ್ನು ತನ್ನ ಸರೀಕನೆಂದು ತಿಳಿದಿದ್ದ. ಆ ಮರ್ಯಾದೆ ನನಗೆ ಬೇಕಿರಲಿಲ್ಲ.

ಅವರ ಮನೆಯ ಪಡಸಾಲೆಯಲ್ಲಿ ಮುದುಕಿಯ ಗಂಡ ನೇಯುತ್ತಿದ್ದ ಗುಂಡಿ ಮಗ್ಗವಿತ್ತು. ಗಂಡ ಹೋದ ಮೇಲೆ ಅದರಲ್ಲಿ ಯಾರೂ ಸೀರೆ ನೇಯ್ದಿರಲಿಲ್ಲ. ಆದರೂ ಮುದುಕಿ ಆ ಗುಂಡಿಯಲ್ಲೇ ಕಾಲು ಇಳಿಬಿಟ್ಟು ಕೂತು ಕಂಡಿಕೆ ಸುತ್ತುವಳು. ಹುಡುಗನಿಗೆ ಆ ಜಾಗದ ಮೇಲೆ ಕಣ್ಣು. ಹಗ್ಗ ಎಳೆದರೆ ಲಾಳಿ ತಾನೇ ಓಡುವ ಹೊಸ ನಮೂನೆಯ ಮಗ್ಗವನ್ನು ಮದ್ರಾಸಿನ ಕಡೆ ಎಲ್ಲೋ ನೋಡಿ ಬಂದಿದ್ದ. ಅದನ್ನು ನಿಲ್ಲಿಸಲು ಬೆಳಕಿರುವ ಪಡಸಾಲೆಯೇ ಆಗಬೇಕು, ಗುಂಡಿ ಮುಚ್ಚಬೇಕು. ಮುದುಕಿಯದು ಒಂದೇ ಮಾತು: "ನಾನು ಹೋದ ಮ್ಯಾಲೆ ಮುಚ್ಚಪ್ಪ, ಬ್ಯಾಡ ಅನ್ನಾಕೆ ಆಗ ನಾನೆಲ್ಲಿರ್ತೀನಿ?"

ಆ ವರ್ಷ ಊರಲ್ಲಿ ಇಲಿ ಬಿದ್ದವು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ. ಶಾಲೆ ಮುಚ್ಚಿತು, ಜನ ಹೊಲಗಳಲ್ಲಿ ಗುಡಿಸಲು ಹಾಕತೊಡಗಿದರು. ನಾನು ಹೆಂಡತಿಯನ್ನು ಕರೆದುಕೊಂಡು ಚಳ್ಳಕೆರೆಯ ಮಾವನ ಮನೆಗೆ ಹೊರಟೆ. ಹೊರಡುವ ಮೊದಲು ಮುದುಕಿ ನಮ್ಮ ಮನೆಗೆ ಬಂದಿದ್ದಳು. ಅವಳ ಕಂಕುಳಲ್ಲಿ ಬೇಸಿಗೆಯ ಕುರು ಎದ್ದು, ಒಡೆದು, ಒಣಗುತ್ತಿತ್ತು. ನನ್ನ ಹೆಂಡತಿ ಅರಿಶಿನ ಹಚ್ಚಿ ಬಟ್ಟೆ ಕಟ್ಟುವಾಗ ಹುಡುಗನೂ ಅಲ್ಲೇ ನಿಂತಿದ್ದ. "ಅದು ಕುರು ಅಲ್ಲ ಕಣ್ರೀ ಅಮ್ಮಾ, ನಮ್ಮತ್ತೆಗೆ ರೆಕ್ಕೆ ಮೊಳೀತಾ ಐತೆ" ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕೆವು. ಮುದುಕಿಯಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಊರು ತಿಳಿಯಾಗಿ ನಾವು ಹಿಂದಿರುಗಿದಾಗ ಎದುರು ಮನೆಯ ಪಡಸಾಲೆಯಲ್ಲಿ ಗುಂಡಿ ಇರಲಿಲ್ಲ. ಮಣ್ಣು ತುಂಬಿ, ಸಗಣಿ ಸಾರಿಸಿ, ಮೇಲೆ ಹೊಸ ಮಗ್ಗ ನಿಲ್ಲಿಸಿದ್ದ. ಮುದುಕಿ ಎಲ್ಲಿ ಎಂದರೆ, ಕಂಕುಳಲ್ಲಿ ಪ್ಲೇಗಿನ ಗಡ್ಡೆ ಎದ್ದಿತ್ತು, ಊರಾಚೆ ರೋಗಿಗಳನ್ನು ಇಡುವ ಪ್ಲೇಗು ಶೆಡ್ಡಿಗೆ ಸಾಗಿಸಿದರು, ಅಲ್ಲೇ ತೀರಿಕೊಂಡಳು ಎಂದರು ಬೀದಿಯವರು. ಹುಡುಗನನ್ನು ಹೊಗಳಿದ್ದೇ ಹೊಗಳಿದ್ದು. ಪ್ಲೇಗಿನಲ್ಲಿ ಸರ್ಕಾರದವರ ಜೊತೆ ಓಡಾಡಿ ಮನೆ ಮನೆ ಖಾಲಿ ಮಾಡಿಸಿದವನು ಅವನಂತೆ. ನನ್ನ ಹೆಂಡತಿ ಮಾತ್ರ ಒಳಗೆ ಬಂದು, "ಗಡ್ಡೆ ಎಲ್ಲಿತ್ತು ಅವಳಿಗೆ? ನನ್ನ ಕೈಯಾರೆ ಕಟ್ಟಿದ ಕುರು ಅದು" ಎಂದಳು.

ಅದಕ್ಕೆ ಉತ್ತರ ಹುಡುಕಿಕೊಂಡು ನಾನೆಲ್ಲೂ ಹೋಗಬೇಕಾಗಲಿಲ್ಲ. ಅದೇ ನನ್ನನ್ನು ಹುಡುಕಿಕೊಂಡು ಶಾಲೆಯ ಜಗುಲಿಗೆ ಬಂತು. ಹುಡುಗರು ಮನೆಗೆ ಹೋಗಿದ್ದರು. ಎದುರು ಮನೆಯ ಹುಡುಗ ಬಂದು ಪಕ್ಕದಲ್ಲಿ ಕೂತು, ಲೋಕಾಭಿರಾಮವಾಗಿ ಮಾತಾಡುತ್ತ ಆಡುತ್ತ, "ನಿಮಗೆ ಹೇಳಿದ್ರೆ ತಿಳಿತೈತ್ರೀ, ಈ ಜನಕ್ಕೆ ತಿಳಿಯಲ್ಲ" ಎಂದು ಪೀಠಿಕೆ ಹಾಕಿದ. ಆಮೇಲೆ ಹೇಳಿದ:

"ಅದು ಕುರು ಅಂತ ನಂಗೆ ಗೊತ್ತಿತ್ರೀ. ನಾನೇ ಸರ್ಕಾರದೋರಿಗೆ ಗಡ್ಡೆ ಅಂತ ಹೇಳ್ದೆ. ನಾನೇ ಗಾಡಿ ಹತ್ತಿಸ್ದೆ. ಯೋಚನೆ ಮಾಡಿ ಮಾಡ್ದೆ. ಇವತ್ತಲ್ಲ ನಾಳೆ ಹೋಗೋ ಜೀವ ಅದು. ಈ ಮಗ್ಗ ನಿಂತ್ರೆ ಇಡೀ ಬೀದಿಗೆ ಬಾಳು ಬರ್ತೈತೆ. ತೂಗಿ ನೋಡ್ರಿ. ದೊಡ್ಡ ಕೆಲಸ ಮಾಡೋರು ಇಷ್ಟಕ್ಕೆಲ್ಲ ಅಂಜಬಾರ್ದು."

ಅವನ ಮುಖ ನೋಡಿದೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡವನ ಮುಖದಷ್ಟು ನೆಮ್ಮದಿಯಾಗಿತ್ತು. ನನಗೆ ಮೈ ಉರಿದುಹೋಯಿತು. ಸಾಯುತ್ತಿರುವವರ ನಡುವೆ ಆರೋಗ್ಯವಾಗಿದ್ದವಳನ್ನು ತಂದು ಮಲಗಿಸಿದಾಗ ಅವಳೇನು ಅಂದುಕೊಂಡಿರಬೇಕು? ತಾನು ಸಾಕಿದ ಹುಡುಗ ಬಂದು ಬಿಡಿಸಿಕೊಂಡು ಹೋಗುತ್ತಾನೆಂದು ಬಾಗಿಲು ನೋಡುತ್ತಿದ್ದಳೋ ಏನೋ. "ಏಳೋ ಮೇಲೆ, ಕೊಲೆಗಾರ!" ಎಂದು ಅರಚಿದೆ. ಕೈಯಲ್ಲಿ ಬೆತ್ತವಿತ್ತು. ಅವನು ಧೂಳು ಕೊಡವಿಕೊಂಡು, "ನೀವೂ ಇಷ್ಟೇನಾ ಮೇಷ್ಟ್ರೇ" ಎನ್ನುತ್ತ ಹೊರಟುಹೋದ. ಅವನಿಗಾದ ನಿರಾಸೆಯೆಲ್ಲ ನನ್ನ ಬಗ್ಗೆ!

ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ನನ್ನ ಮಾತೆಲ್ಲ ಕೇಳಿ, "ಗಡ್ಡೆ ಇದ್ದೂ ಮುಚ್ಚಿಟ್ಟರೆ ಅಪರಾಧ ಮೇಷ್ಟ್ರೇ. ಇದೆ ಅಂತ ಬಂದು ಹೇಳಿದವರ ಮೇಲೆ ಯಾವ ಕೇಸು ಹಾಕೋಣ? ಹೆಣ ಮಣ್ಣಾಗಿ ಎಷ್ಟು ದಿನವಾಯಿತು" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮುದುಕಿಗೆ ಒಬ್ಬಳೇ ಮಗಳು, ತಳಕು ಎಂಬ ಊರಿಗೆ ಕೊಟ್ಟಿದ್ದರು. ಗಾಡಿ ಮಾಡಿಕೊಂಡು ಹೋಗಿ ಆಕೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಆಕೆ ಅಳಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ತೊಳೆದುಕೊಂಡು, "ನಡೀರಿ, ಬರ್ತೀನಿ" ಎಂದಳು.

ಆ ಬೀದಿಯ ಕಟ್ಟಳೆಯೊಂದನ್ನು ಇಲ್ಲಿ ಹೇಳಬೇಕು. ಒಬ್ಬ ಇನ್ನೊಬ್ಬರಿಗೆ ಅನ್ಯಾಯ ಮಾಡಿದನೆಂದು ದೂರು ಬಂದರೆ ಹಿರಿಯರು ಗುಡಿಯ ಕಟ್ಟೆಯಲ್ಲಿ ಸೇರುತ್ತಾರೆ. ಮಾಡಿದವನು ಎಲ್ಲರೆದುರು ಕೈಮುಗಿದು ತಪ್ಪು ಒಪ್ಪಿ, ನೊಂದವರ ಕೈಗೆ ವೀಳ್ಯ ಕೊಡಬೇಕು. ನೊಂದವರು ತೆಗೆದುಕೊಂಡರೆ ಮುಗಿಯಿತು. ತೆಗೆದುಕೊಳ್ಳುವವರೆಗೆ ಅವನ ಮಗ್ಗದ ಹಾಸು ಹಿಡಿಯಲು ಯಾರೂ ಬರುವುದಿಲ್ಲ. ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳು. ಅದನ್ನು ಬೀದಿಯುದ್ದಕ್ಕೂ ಚಾಚಿ ಹಿಡಿದು ಹದ ಮಾಡಲು ಅಕ್ಕಪಕ್ಕದವರ ಕೈ ಬೇಕೇ ಬೇಕು. ಎಂಥ ಮಗ್ಗವಾದರೂ ಹಾಸಿಲ್ಲದೆ ಅದು ಬರೀ ಕಟ್ಟಿಗೆ. ಮಗಳು ದೂರು ಕೊಟ್ಟ ದಿನದಿಂದ ಅವನ ಹೊಸ ಮಗ್ಗ ಕಟ್ಟಿಗೆಯಾಯಿತು. ಆಗ ನೋಡಿ, ಅವನಿಗೆ ನಿದ್ದೆ ಬಾರದಾಯಿತು. ಮುಖ ಇಳಿಯಿತು, ಊಟ ಸೇರದಾಯಿತು. ಸಾಕಿದವಳು ಸತ್ತಾಗ ಬಾರದ ಸಂಕಟವೆಲ್ಲ ಹಾಸು ನಿಂತಾಗ ಬಂತು. ಬೀದಿಯ ಜನ ಇದನ್ನು ಪಶ್ಚಾತ್ತಾಪವೆಂದು ತಿಳಿದು ಮರುಗಿದರು!

ಕಟ್ಟೆಯಲ್ಲಿ ಹಿರಿಯರು ಸೇರಿದರು. ನಾನೂ ಹೋಗಿ ಒಂದು ಮೂಲೆಯಲ್ಲಿ ಕೂತೆ. ಅವನು ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು ಬಂದು, ತಲೆ ತಗ್ಗಿಸಿ, ಕೈಮುಗಿದು, "ತಪ್ಪಾಯ್ತು" ಎಂದ.

"ಆಯ್ತಲ್ಲವ್ವ, ತಗಾ" ಎಂದರು ಹಿರಿಯರು.

ಮಗಳು ಕೈ ಚಾಚಲಿಲ್ಲ. "ಆಯ್ತು ಅಂದ್ರೆ? ಮಳೆ ಆಯ್ತು, ಬೆಳೆ ಆಯ್ತು ಅಂದಂಗೆ ಆಯ್ತಾ? ನಾನು ಮಾಡ್ದೆ ಅನ್ನು. ತಗಂತೀನಿ" ಎಂದಳು.

ಗುಜುಗುಜು ಎದ್ದಿತು. ಮನೆಯಲ್ಲಿ ತೆಲುಗು ಆಡುವ ಜನ ಅವರು. ಇವಳಿಗೆ ತಾಯಿನುಡಿಯಲ್ಲೇ ಕೇಳಬೇಕೇನೋ ಎಂದು ಯಾರೋ ಸೂಚಿಸಿದರು. ಅವನು ಮತ್ತೆ ಕೈಮುಗಿದು "ತಪ್ಪಯಿಂದಿ" ಎಂದ. ಅದೂ ಅದೇ. ಮಾಡಿದವನು ಅದರಲ್ಲೂ ಇಲ್ಲ. ಎರಡು ಭಾಷೆ ಬಲ್ಲ ಊರಿಗೆ ಎರಡರಲ್ಲೂ ಹಿತ್ತಿಲ ಬಾಗಿಲು! ಆಮೇಲೆ "ನನ್ನಿಂದ ತಪ್ಪಾಯ್ತು" ಎಂದ. ಮಗಳು ತಲೆಯಾಡಿಸಿದಳು. ಬಹಳ ಯೋಚಿಸಿ "ತಪ್ಪು ಮಾಡಿದ್ದಾಯ್ತು" ಎಂದ. ಒಂದಿಬ್ಬರು ಮುದುಕರು ಶಹಬ್ಬಾಸ್ ಎನ್ನುವಂತೆ ಗೋಣು ಹಾಕಿದರು. ನನಗೆ ನಗು ಬಂತು, ನಗುವ ಹಿಂದೆಯೇ ಸಿಟ್ಟೂ ಬಂತು.

ಹಿರಿಯರಲ್ಲಿ ಒಬ್ಬರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ವ್ಯಾಕರಣ ಹೇಳೋರು ನೀವು. ತಪ್ಪಾಯ್ತು, ತಪ್ಪು ಮಾಡ್ದೆ, ಎರಡೂ ಒಂದೇ ಅಲ್ವಾ? ಈ ಹೆಣ್ಣುಮಗಳಿಗೆ ಒಸಿ ತಿಳಿಸಿ ಹೇಳ್ರಿ."

ಎದ್ದು ನಿಂತೆ. "ಒಂದೇ ಅಲ್ಲ" ಎಂದೆ. "ಮಾಡಿದೆ ಅನ್ನುವ ಮಾತಿಗೆ ಕರ್ತೃ ಇದ್ದಾನೆ. ತಪ್ಪಾಯ್ತು ಅನ್ನುವಲ್ಲಿ ಕರ್ತೃ ಆ ತಪ್ಪೇ. ತಪ್ಪು ತಾನೇ ಹುಟ್ಟಿ, ತಾನೇ ಗಾಡಿ ಹೂಡಿ, ತಾನೇ ಮುದುಕಿಯನ್ನು ಶೆಡ್ಡಿಗೆ ಸಾಗಿಸಿತು ಅಂತ ಅರ್ಥ. ನಮ್ಮ ಶಾಲೆಯ ಜಗುಲಿಯಲ್ಲಿ ಇವನಿಗೆ ಕರ್ತೃ ಚೆನ್ನಾಗಿ ಬರುತ್ತಿತ್ತು. ನಾನೇ ಹೇಳ್ದೆ, ನಾನೇ ಹತ್ತಿಸ್ದೆ, ಯೋಚನೆ ಮಾಡಿ ಮಾಡ್ದೆ ಅಂತ ಎದೆ ತಟ್ಟಿಕೊಂಡ. ಜಂಬಕ್ಕೆ ಬರುವ 'ನಾನು' ತಲೆ ತಗ್ಗಿಸುವಾಗ ಎಲ್ಲಿ ಹೋಯಿತು?"

ಹಿರಿಯರಿಗೆ ನನ್ನ ಮಾತು ಹಿಡಿಸಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಹೊಸ ಮಗ್ಗದಿಂದ ಬೀದಿಗೆ ಕೆಲಸ ಬರುತ್ತದೆಂಬ ಆಸೆ ಅವರಿಗೂ ಹತ್ತಿತ್ತು. "ಹೋದೋಳು ಹೋದ್ಲು ಮೇಷ್ಟ್ರೇ, ಇರೋರ ಬಾಳು ನೋಡ್ಬೇಕಲ್ಲ" ಎಂದರು ಒಬ್ಬರು. ಹುಡುಗ ಜಗುಲಿಯ ಮೇಲೆ ನನಗೆ ಹೇಳಿದ್ದೂ ಇದನ್ನೇ ತಾನೆ? ಅವನ ಮಹಾ ಸಿದ್ಧಾಂತ ಯಾವ ಹೈಸ್ಕೂಲಿನದೂ ಅಲ್ಲ, ಈ ಕಟ್ಟೆಯದೇ ಎಂದು ನನಗೆ ಆಗ ಹೊಳೆಯಿತು. ಅವನೊಬ್ಬನ ಮೇಲಿದ್ದ ಸಿಟ್ಟು ಆ ಕ್ಷಣದಿಂದ ಇಡೀ ಊರಿನ ಮೇಲೆ ಹೋಯಿತು, ಇವತ್ತಿಗೂ ಇಳಿದಿಲ್ಲ.

ಮಗಳು ಕೂತಲ್ಲಿಂದ ಅಲುಗಾಡಲಿಲ್ಲ. "ಅವ್ವನ್ನ ಬದುಕಿಸಿಕೊಡು ಅಂತ ಕೇಳಿಲ್ಲಪ್ಪ. ಜೈಲಿಗೆ ಹೋಗು ಅಂತಲೂ ಕೇಳಿಲ್ಲ. ಒಂದು ಮಾತು. ಅವಳು ಉಣ್ಣಿಸಿದ ಬಾಯಾಗೆ ಅದೊಂದು ಮಾತು ಬರಾಕಿಲ್ವಾ?" ಎಂದಳು.

ಅವನು ಬಾಯಿ ತೆರೆದ. ಬರುತ್ತದೆ, ಈಗ ಬರುತ್ತದೆ ಎಂದು ನಾನೂ ಮುಂದೆ ಬಾಗಿದೆ. ಅವನು ಮುಖ ಮೇಲೆತ್ತಿ, ಗುಡಿಯ ಗೋಪುರವನ್ನೋ ಆಕಾಶವನ್ನೋ ನೋಡುತ್ತ, ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ನಾನು ಮಾಡಿದೆ ಎಂದೇ ಹೇಳಿದ, ಸ್ಪಷ್ಟವಾಗಿ, ತಪ್ಪಿಲ್ಲದ ವ್ಯಾಕರಣದಲ್ಲಿ. ಅಲ್ಲಿದ್ದವರಲ್ಲಿ ಅದು ತಿಳಿದದ್ದು ನನ್ನೊಬ್ಬನಿಗೆ.

"ಏನಂದ ಮೇಷ್ಟ್ರೇ? ಮಾಡ್ದೆ ಅಂದ್ನಾ?" ಎಂದು ಹಿರಿಯರು ಆತುರದಿಂದ ಕೇಳಿದರು.

"ಅವನ ಬಾಯಲ್ಲಿ ಬರಬೇಕಾದ್ದು ನನ್ನ ಬಾಯಲ್ಲಿ ಯಾಕೆ ಬರಬೇಕು?" ಎಂದೆ.

ನಾನು ಇಲ್ಲವೆನ್ನಲಿಲ್ಲ, ಅಷ್ಟೇ ಸಾಕಾಯಿತು ಅವರಿಗೆ. ಹಿರಿಯರೊಬ್ಬರು ತಟ್ಟೆಯನ್ನು ಎತ್ತಿ ಮಗಳ ಮುಂದೆ ಹಿಡಿದು, "ಹೇಳಿದ್ದಾಯ್ತಲ್ಲವ್ವ, ಇನ್ನೇನು? ತಗಾ, ಮುಗಿಸು" ಎಂದರು. ಅವನು ಬೆವರು ಒರೆಸಿಕೊಂಡ. ಹಾಸು ಹಿಡಿಯಲು ನಾಳೆ ಯಾರು ಯಾರು ಬರಬೇಕೆಂದು ಹಿಂದೆ ಆಗಲೇ ಮಾತು ಶುರುವಾಗಿತ್ತು.

ಮಗಳು ಎದ್ದಳು. ಸೆರಗು ಸರಿಮಾಡಿಕೊಂಡು, ತಟ್ಟೆಯನ್ನಲ್ಲ, ಅವನನ್ನೇ ನೋಡುತ್ತ ಹೇಳಿದಳು:

"ನಮ್ಮವ್ವಂಗೆ ಇಂಗ್ಲಿಷ್ ಬರ್ತಿರ್ಲಿಲ್ಲ ಕಣಪ್ಪ."